ಬರೋಬರಿ ಅದ ಅಂದೆ

ಹಡಪಸರ, ಪುಣೆ
೧೮ ಮಾರ್ಚ್ ೨೦೨೫

ಚಿ. ಸೌ. ದೀಪಾಲಿಗೆ ನಿನ್ನ ಮಾವ ಚನ್ನವೀರನ ಆಶೀರ್ವಾದ.

ಆಶೀರ್ವಾದ ಮಾಡುವ ಮುಖ ನನಗೆ ಉಳಿದಿಲ್ಲ, ಆದರೂ ರೂಢಿ. ನೀನು ಶಿರೂರಿಗೆ, ತವರಿಗೆ ಹೋದಾಗಿನಿಂದ ಮನೆಯಲ್ಲಿ ಯಾರೂ ನೆಟ್ಟಗೆ ಮಾತಾಡುತ್ತಿಲ್ಲ. ಮಾಂತು ನಿನ್ನನ್ನು ಕರೆತರುತ್ತೇನೆಂದು ಚಪ್ಪಲಿ ಮೆಟ್ಟುತ್ತಾನೆ, ಅವ್ವನ ಮುಖ ನೋಡಿ ಮತ್ತೆ ಬಿಡುತ್ತಾನೆ. ನನ್ನ ಮಗನಿಗೂ ನನ್ನಷ್ಟೇ ಧೈರ್ಯ. ನಿನ್ನ ನಾದಿನಿ ತ್ರಿವೇಣಿಯ ಮದುವೆಯನ್ನು ಬೀಗರು ಮುಂದಕ್ಕೆ ಹಾಕಿದ್ದಾರೆ. ಯಾವಾಗ ಅಂತ ಹೇಳಿಲ್ಲ.

ದೀಪಾ, ಆ ಲಗ್ನಪತ್ರಿಕೆಯ ತಪ್ಪು ನಿನ್ನದಲ್ಲ, ನನ್ನದು.

ದೀಪಾವಳಿಯ ಮರುದಿನ ತಲೆ ತಿರುಗಿ ಬಿದ್ದೆನಲ್ಲ, ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರಲ್ಲ, ಅಂದಿನಿಂದ ನನಗೆ ಓದಲು ಬರುತ್ತಿಲ್ಲ. ಅಕ್ಷರ ಕಾಣುತ್ತವೆ, ಆದರೆ ಒಂದೂ ಗುರುತು ಹತ್ತುವುದಿಲ್ಲ. ಬರೆಯಲು ಮಾತ್ರ ಬರುತ್ತದೆ. ಕೈ ತನ್ನಷ್ಟಕ್ಕೆ ತಾನು ಬರೆಯುತ್ತದೆ, ಬರೆದದ್ದನ್ನು ಮರುಕ್ಷಣ ನಾನೇ ಓದಲಾರೆ. ಹೀಗೂ ಆಗುತ್ತದೆ ಅಂತ ಡಾಕ್ಟರು ಹೇಳಿದರು. ಮನೆಯಲ್ಲಿ ಹೇಳಬೇಡಿ ಅಂತ ಅವರ ಕೈ ಹಿಡಿದುಕೊಂಡೆ. ಮುಂಜಾನೆ ಪೇಪರ್ ಹಿಡಿದು ಕೂತು ಸುಮ್ಮನೆ ಪುಟ ತಿರುವುತ್ತಿದ್ದೆ. ಇಲ್ಲಿಯ ನಮ್ಮ ಮಂದಿಯ ಲಗ್ನಪತ್ರಿಕೆಗಳೆಲ್ಲ ನನ್ನ ಕಣ್ಣು ದಾಟಿಯೇ ಅಚ್ಚಿಗೆ ಹೋಗುತ್ತಿದ್ದವು. ಚನ್ನವೀರಪ್ಪನವರು ನೋಡ್ಯಾರ ಅಂದರೆ ಮುಗಿಯಿತು. ಆ ದೊಡ್ಡಸ್ತಿಕೆ ಬಿಡಲಾಗಲಿಲ್ಲ.

ಮರಾಠಿ ಮನೆಯಿಂದ ಬಂದವಳು, ನನ್ನ ಹತ್ತಿರವೇ ಕನ್ನಡ ಕಲಿತು ಪತ್ರಿಕೆಯನ್ನು ನೀನೇ ಟೈಪ್ ಮಾಡಿದೆ. ಹೆಸರಿನ ಮುಂದ ಏನೇನ ಹಾಕೂದು ನನಗ ತಿಳಿಯೂದಿಲ್ಲ ಬಾಬಾ, ಒಮ್ಮೆ ನೋಡ್ರಿ ಅಂತ ಕೈಗೆ ಕೊಟ್ಟೆ. ನಾನು ಕನ್ನಡಕ ಹಾಕಿಕೊಂಡು, ಸಾಲುಸಾಲಿಗೂ ಬೆರಳಾಡಿಸಿ, ಬರೋಬರಿ ಅದ ಅಂದೆ.

ತೀರಿಕೊಂಡವರ ಹೆಸರಿಗೆ ನಾವು ಹಾಕುವ 'ಲಿಂಗೈಕ್ಯ' ವರನ ಅಜ್ಜನಿಗೆ ಬರಬೇಕಿತ್ತು. ವರನ ಅಪ್ಪ, ನಮ್ಮ ಬೀಗರು ಮಹಾಲಿಂಗಪ್ಪನವರಿಗೆ ಬಂತು. ಬದುಕಿರುವ ಮನುಷ್ಯ ರೂಢಿಯಂತೆ ಪತ್ರಿಕೆಯನ್ನು ದೇವರ ಮುಂದಿಟ್ಟು, ನಂಟರ ಎದುರು ತೆರೆದು ಓದಿದರು.

ಮರಾಠಿ ಹುಡುಗಿ ಕೈಯಾಗ ಕೊಟ್ಟರ ಇನ್ನೇನಾಗತದ ಅಂತ ನಿನ್ನ ಅತ್ತೆ ಕಲ್ಲವ್ವ ಎಲ್ಲರ ಮುಂದೆ ಅಂದಾಗ ನಾನು ಗೋಡೆ ನೋಡುತ್ತ ಕೂತೆ. ಬಾಬಾಗೆ ತೋರಿಸಿದ್ದೆ ಅಂತ ನೀನು ಒಂದು ಮಾತು ಅನ್ನಬಹುದಿತ್ತು. ನನ್ನ ಕಡೆ ನೋಡಿದೆ, ಒಳಗೆ ಹೋಗಿ ಬ್ಯಾಗು ತುಂಬಿಕೊಂಡೆ. ನನಗೆ ನಾಚಿಕೆಯಾಗುತ್ತದೆ ಮಗಳೇ.

ಕಲ್ಲವ್ವನಿಗೆ ಹೇಳಿಬಿಡಬೇಕೆಂದು ಎಷ್ಟೋ ಸಲ ಅಡುಗೆಮನೆಯ ಬಾಗಿಲಿಗೆ ಹೋದೆ. ನೀರು ಬೇಡಿ ಕುಡಿದು ಬಂದೆ. ಅದಕ್ಕೇ ಬರೆಯುತ್ತಿದ್ದೇನೆ. ಇದು ಮುಟ್ಟಿದ ಕೂಡಲೇ ಫೋನ್ ಮಾಡು. ಸ್ಪೀಕರ್ ಹಾಕಿ ಅವಳ ಪಕ್ಕ ಕೂಡುತ್ತೇನೆ. ಜೋರಾಗಿ ಓದು, ಒಂದು ಮಾತೂ ಬಿಡಬೇಡ. ಬೀಗರ ಮನೆಗೆ ಆಮೇಲೆ ನಾನೇ ಹೋಗುತ್ತೇನೆ, ಅವರು ಬೈದಷ್ಟೂ ಬೈಸಿಕೊಳ್ಳುತ್ತೇನೆ. ನೀನು ಮಾತ್ರ ಮನೆಗೆ ಬಾ.

ನಿನ್ನ ಬಾಬಾ,
ಚನ್ನವೀರ

ತಾ.ಕ.: ಇದನ್ನು ಬೇರೆ ಚೀಟಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆಯೂ ನಿನಗೊಂದು ಕಾಗದ ಬರೆದಿದ್ದೆ. ನಾನು ನೋಡಿದಾಗ ಎಲ್ಲ ಸರಿಯಿತ್ತು, ಕೆಡಿಸಿದವರು ಪ್ರೆಸ್ಸಿನವರು ಅಂತ ಅದರಲ್ಲಿದೆ. ಅದನ್ನು ಹರಿಯಬೇಕೆನ್ನುವಷ್ಟರಲ್ಲಿ ಫ್ಯಾನಿನ ಗಾಳಿಗೆ ಎರಡೂ ಹಾರಿ ಕೆಳಗೆ ಬಿದ್ದವು. ಈಗ ಯಾವುದು ಯಾವುದೆಂದು ನನಗೆ ತಿಳಿಯುತ್ತಿಲ್ಲ, ಮನೆಯಲ್ಲಿ ಯಾರನ್ನು ಕೇಳಲಿ? ಎರಡನ್ನೂ ಲಕೋಟೆಗೆ ಹಾಕಿದ್ದೇನೆ. ಸುಳ್ಳಿನದನ್ನು ನೀನೇ ಹರಿದುಬಿಡು.