ಜುಲೈ ಎಷ್ಟನೇ ತಾರೀಕು

ವೈಡೆನ್‌ಹೋಫ್, ಪಶ್ಚಿಮ ಜರ್ಮನಿ
೧೦ ಮೇ ೧೯೮೭, ಭಾನುವಾರ ಮಧ್ಯಾಹ್ನ

ನನ್ನ ಅಮ್ಮನಿಗೆ,

ಇವತ್ತು ತಾಯಂದಿರ ದಿನ. ಅಲ್ಲಿ ಕೆಂಟಕಿಯಲ್ಲಿ ಈಗ ಬೆಳಿಗ್ಗೆ. ನೀನು ಚರ್ಚಿಗೆ ಹೊರಡುವ ಅವಸರದಲ್ಲಿ ಕಾರಿನ ಕೀಲಿ ಹುಡುಕುತ್ತಿರುತ್ತೀಯ. ಬ್ರೆಡ್ ಡಬ್ಬದ ಮೇಲೆ ನೋಡು.

ನಿನ್ನ ಕಳೆದ ಮೂರು ಪತ್ರಗಳಿಗೂ ಕೊನೆಯ ಸಾಲು ಒಂದೇ: ಜುಲೈ ಎಷ್ಟನೇ ತಾರೀಕಿಗೆ ಬರುತ್ತೀರಿ? ಹಿಂದಿನ ಕೋಣೆಗೆ ಹಳದಿ ಬಣ್ಣ ಹೊಡೆಸಿದ್ದೀಯ. ಮೊಮ್ಮಗಳು ಓಪಲ್‌ಗೆ ಮಂಚ ತಂದಿದ್ದೀಯ. ಶಾಲೆಯ ಅಡುಗೆಮನೆಯಲ್ಲಿ ನಿನ್ನ ಪಕ್ಕದಲ್ಲೇ ನನಗೂ ಒಂದು ಕೆಲಸಕ್ಕೆ ಹೇಳಿಟ್ಟಿದ್ದೀಯ. ತಾರೀಕಿನ ವಿಷಯ ಈ ಪತ್ರದಲ್ಲೇ ಹೇಳುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಆದರೆ ಅದಕ್ಕೂ ಮೊದಲು ಇನ್ನೊಂದು ಸುದ್ದಿ ಇದೆ. ಚಳಿಗಾಲದಿಂದ ಅದನ್ನು ಬಚ್ಚಿಟ್ಟುಕೊಂಡು ನನಗೆ ಹೊಟ್ಟೆಯೊಳಗೆ ಹಾಲು ಉಕ್ಕಿದ ಹಾಗಾಗಿದೆ. ಅಮ್ಮ, ನಾನು ಈ ಊರಿನ ಬ್ಯಾಂಡಿಗೆ ಸೇರಿದ್ದೇನೆ. ಹಿತ್ತಾಳೆ ಕೊಂಬು ಊದುತ್ತೇನೆ. ಶಾಲೆಯಲ್ಲಿದ್ದಾಗ ನಾನು ಊದುತ್ತಿದ್ದೆನಲ್ಲ, ನೀನು ಕೋಳಿಗಳು ಮೊಟ್ಟೆ ಇಡುವುದನ್ನೇ ಬಿಟ್ಟಿವೆ ಎಂದು ನನ್ನನ್ನು ಕಣಜದ ಹಿಂದಕ್ಕೆ ಕಳಿಸುತ್ತಿದ್ದೆಯಲ್ಲ, ಅದೇ ಜಾತಿಯ ದೊಡ್ಡ ಕೊಂಬು. ಮಗುವಿನ ಹಾಗೆ ಮಡಿಲಲ್ಲಿ ಕೂರಿಸಿಕೊಂಡು ಊದಬೇಕು.

ಇದೆಲ್ಲ ಶುರುವಾದದ್ದು ಕಳೆದ ಅಕ್ಟೋಬರಿನಲ್ಲಿ. ನಿನ್ನ ಅಳಿಯ ಹಾರ್ಲನ್ ಟ್ಯಾಂಕುಗಳ ಹಿಂದೆ ಆರು ವಾರ ಕಾಡಿಗೆ ಕವಾಯತಿಗೆ ಹೋಗಿದ್ದ. ಗುರುವಾರ ಸಂಜೆ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಬೇಲಿಯಾಚೆ ಅಗ್ನಿಶಾಮಕ ದಳದ ಕೊಟ್ಟಿಗೆ. ಊರಿನ ಬ್ಯಾಂಡಿನವರು ಅಲ್ಲೇ ಅಭ್ಯಾಸ ಮಾಡುವುದು. ಅವರು ಬಾರಿಸುತ್ತಿದ್ದ ಹಾಡಿಗೆ ನಾನು ಗೊತ್ತಿಲ್ಲದೆಯೇ ಕೆಳದನಿ ಸೇರಿಸಿ ಗುನುಗುತ್ತಿದ್ದೆ. ನಮ್ಮ ಮನೆಯೊಡತಿ ಫ್ರೌ ರೀಡಲ್ ಕೆಳಗಿನ ಕಿಟಕಿ ತೆರೆದಳು. ಫ್ರೌ ಎಂದರೆ ಇಲ್ಲಿ ಶ್ರೀಮತಿ. ಎಪ್ಪತ್ತೊಂದರ ವಿಧವೆ, ನಾಲಿಗೆ ಮಾತ್ರ ಇಪ್ಪತ್ತರದ್ದು.

“ಏನೇ ಅದು ನೀನು ಹಾಡ್ತಿರೋದು?” ಎಂದಳು.

“ಏನಿಲ್ಲ, ಸುಮ್ನೆ.”

“ಸುಮ್ನೆ ಅಲ್ಲ ಅದು. ಅದು ನನ್ ಗಂಡ ಊದ್ತಿದ್ದ ಭಾಗ. ಅವನು ಹೋದಮೇಲೆ ಆ ಹಾಡು ಕುಂಟ್ತಾ ಇತ್ತು. ನಿನಗೆ ಹೇಗೆ ಬಂತು?”

ಶಾಲೆಯಲ್ಲಿ ನಾಲ್ಕು ವರ್ಷ ಬ್ಯಾಂಡಿನಲ್ಲಿದ್ದೆ ಎಂದೆ. ಅವಳು ಕಿಟಕಿ ಮುಚ್ಚಿದಳು. ಸಿಟ್ಟು ಬಂತೇನೋ ಅಂದುಕೊಂಡೆ. ಐದು ನಿಮಿಷಕ್ಕೆ ದಿಂಬಿನ ಚೀಲದಲ್ಲಿ ಸುತ್ತಿದ ಕೊಂಬನ್ನು ಹೊತ್ತುಕೊಂಡು ಬಂದಳು. ಈ ಊರಲ್ಲಿ ಬ್ಯಾಂಡಿನವನೊಬ್ಬ ತೀರಿಕೊಂಡರೆ ಅವನ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಮನೆಯವರು ಅವನ ವಾದ್ಯವನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಮಾತ್ರ ಅವರು ಕೂರಬಹುದು. ರೀಡಲ್ ಮುದುಕನ ಕುರ್ಚಿ ಎರಡು ವರ್ಷದಿಂದ ಖಾಲಿ ಇತ್ತು.

ಊದು ಎಂದಳು. ಊದಿದೆ.

“ಹಸು ಕರು ಹಾಕಿದ ಹಾಗಿದೆ,” ಎಂದಳು. “ದಿನಾ ಅರ್ಧ ಗಂಟೆ ಊದು. ಕಿಟಕಿ ಮುಚ್ಕೊಂಡು.”

ಹಾಗೆ ಇಡೀ ಚಳಿಗಾಲ ಕಿಟಕಿ ಮುಚ್ಚಿಕೊಂಡು ಊದಿದೆ. ಹಾರ್ಲನ್ ಕಾಡಿನಿಂದ ವಾಪಸು ಬಂದ ದಿನ ಮೆಟ್ಟಿಲ ಮೇಲೇ ನಿಂತು, “ಒಳಗೆ ಯಾರಿಗೆ ಹುಷಾರಿಲ್ಲ?” ಎಂದು ಕೇಳಿದ. ಐದು ವರ್ಷದ ಓಪಲ್ ಬಾಗಿಲು ತೆರೆದು, “ಅಮ್ಮ ಕೆಲಸ ಮಾಡ್ತಿದ್ದಾಳೆ, ಬೂಟು ಹೊರಗೆ ಬಿಡು,” ಎಂದಳು. ಅದನ್ನೂ ಜರ್ಮನ್ ಭಾಷೆಯಲ್ಲೇ ಹೇಳಿದಳು. ಅವನಿಗೆ ಬೂಟು ಎಂಬ ಮಾತೊಂದೇ ಅರ್ಥವಾದದ್ದು.

ಫೆಬ್ರವರಿಯಲ್ಲಿ ಫ್ರೌ ರೀಡಲ್ ನನ್ನ ಕೈ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಒಳಗೆ ಹದಿನಾಲ್ಕು ಗಂಡಸರು. ಬ್ಯಾಂಡಿನ ಯಜಮಾನ ಮಾಂಸದಂಗಡಿಯ ಸೆಪ್. ಅವನ ಒಂದೊಂದು ಕೈಯೂ ನಮ್ಮೂರಿನ ಹಂದಿತೊಡೆಯಷ್ಟು ದಪ್ಪ. ಅಂಥ ಕೈಯಲ್ಲಿ ಕಡ್ಡಿ ಹಿಡಿದು ತಾಳ ಹಾಕುತ್ತಾನೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹೆಂಗಸು. ಅಮೆರಿಕದವಳು. ಸಿಪಾಯಿ ಹೆಂಡ್ತಿ ಬೇರೆ. ಇವತ್ತಿದ್ದು ನಾಳೆ ಹೋಗೋರನ್ನ ಕಟ್ಕೊಂಡು ಏನ್ ಮಾಡ್ಲಿ ತಾಯಿ?” ಎಂದ.

“ನಿನ್ ತಮ್ಮ ಹುಟ್ಟಿದಾಗಿಂದ ಇಲ್ಲೇ ಇದ್ದಾನಲ್ಲ, ಅವನಿಗೆ ತಾಳ ಬಂತಾ?” ಎಂದಳು ಫ್ರೌ ರೀಡಲ್.

ಡೋಲು ಬಾರಿಸುವ ತಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಆ ಕುರ್ಚಿಯಲ್ಲಿ ಕೂತೆ.

ಈಗ ಮೇ ಒಂದರ ಕತೆ. ಇದನ್ನು ಹೇಳಲೆಂದೇ ಇಷ್ಟು ಹೊತ್ತು ಕುಣಿಯುತ್ತಿದ್ದೆ. ಆ ದಿನ ಊರಿನ ನಡುವೆ ಮೇ ಕಂಬ ನಿಲ್ಲಿಸುತ್ತಾರೆ. ತೊಗಟೆ ಸುಲಿದ ದೊಡ್ಡ ಮರ, ತುದಿಗೆ ಹಸಿರು ಮಾಲೆ. ಮೂವತ್ತು ಗಂಡಸರು ಕವೆಗೋಲು ಕೊಟ್ಟು ಅಂಗುಲ ಅಂಗುಲ ಎತ್ತುತ್ತಾರೆ. ಬ್ಯಾಂಡು ಬೆಂಚಿನ ಮೇಲೆ ಕೂತು ಬಾರಿಸುತ್ತದೆ. ಕಂಬ ಅರ್ಧ ಎದ್ದಿತ್ತು. ಸೆಪ್ ನಡಿಗೆ ಹಾಡಿಗೆ ಕಡ್ಡಿ ಎತ್ತಿದ. ಅಮ್ಮ, ನಮ್ಮ ಶಾಲೆಯ ಬ್ಯಾಂಡಿನಲ್ಲಿ ನಾಲ್ಕು ವರ್ಷ ಕಾಲುಗಳಿಗೆ ಏನು ಕಲಿಸಿದ್ದರೋ ಅದನ್ನು ನನ್ನ ಕಾಲುಗಳು ಮರೆತಿರಲಿಲ್ಲ. ಮೊದಲ ಪೆಟ್ಟಿಗೇ ಎದ್ದೆ. ಎಡ ಮಂಡಿ ಸೊಂಟದೆತ್ತರಕ್ಕೆ ಎತ್ತಿ ನಡೆದೇ ಬಿಟ್ಟೆ. ಎಂಟು ಹೆಜ್ಜೆ ಹೋದ ಮೇಲೆ ನೋಡಿದರೆ ಚೌಕದಲ್ಲಿ ನಾನೊಬ್ಬಳೇ, ಮಿಕ್ಕವರೆಲ್ಲ ಬೆಂಚಿನ ಮೇಲೆ. ಮೆರವಣಿಗೆಯಲ್ಲಿ ಇವರೂ ನಡೆಯುತ್ತಾರೆ. ಮೇ ಕಂಬದ ದಿನ ಮಾತ್ರ ಏಳುವ ಪದ್ಧತಿಯೇ ಇಲ್ಲ, ಏಕೆಂದರೆ ಬಿಯರ್ ಲೋಟ ಕಾಲ ಬುಡದಲ್ಲಿರುತ್ತದೆ.

ಸೆಪ್ ತಾಳ ನಿಲ್ಲಿಸದೆಯೇ ಕೂಗಿದ: “ಎಲ್ಲಿಗಮ್ಮಾ ಹೊರಟೆ? ಅಮೆರಿಕಕ್ಕೆ ನಡ್ಕೊಂಡೇ ಹೋಗ್ತೀಯಾ?”

ಊರಿಗೆ ಊರೇ ನಕ್ಕಿತು. ಕಂಬ ಎತ್ತುತ್ತಿದ್ದವರೂ ನಕ್ಕರು, ಕಂಬ ತೂಗಾಡತೊಡಗಿತು. ಫ್ರೌ ರೀಡಲ್ ಕೋಲು ನೆಲಕ್ಕೆ ಕುಟ್ಟಿ, “ಮೊದ್ಲು ಮರ ನಿಲ್ಲಿಸ್ರೋ, ಆಮೇಲೆ ಹಲ್ಲು ಕಿಸೀರಿ. ನೀನ್ಯಾಕೆ ನಿಂತೆ ಹುಡುಗಿ, ನಡಿ,” ಎಂದಳು. ನಡೆದೆ. ಹಿಂದೆ ಡೋಲಿನ ಸದ್ದು ಹತ್ತಿರ ಬಂತು. ಸೆಪ್‌ನ ತಮ್ಮ ಎದ್ದಿದ್ದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಕೊನೆಗೆ ಸೆಪ್ ಬಿಯರ್ ಲೋಟದ ಸಮೇತ ಹೊರಟ. ಚೌಕಕ್ಕೆ ಮೂರು ಸುತ್ತು ಹಾಕಿದೆವು. ನನ್ನ ಕೊಂಬು ಒಂದೇ ಒಂದು ಸಲವೂ ದನಿ ತಪ್ಪಲಿಲ್ಲ. ಹಾರ್ಲನ್ ಓಪಲ್‌ಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಅವನು ನನ್ನನ್ನು ಹಾಗೆ ನೋಡಿದ್ದು ನಮ್ಮ ಮದುವೆಯ ದಿನ ಬಿಟ್ಟರೆ ಅವತ್ತೇ.

ಇನ್ನು ಸಾಮಾನಿನ ವಿಷಯ. ಹಡಗಿಗೆ ಹಾಕುವ ಸಾಮಾನು ಕಟ್ಟುವವರು ಈ ಮಂಗಳವಾರ ಬಂದರು. ಮೂರೇ ಜನ, ಮಿಂಚಿನ ಹಾಗೆ ಕೆಲಸ. ಇನ್ನೊಬ್ಬ ಸಾರ್ಜೆಂಟನ ಹೆಂಡತಿ ಡಾರ್ಲಾ ನನ್ನ ಸಹಾಯಕ್ಕೆ ಬಂದಿದ್ದಳು. ಅವಳು ಒಂಬತ್ತು ಸಲ ಮನೆ ಬದಲಿಸಿದ ಅನುಭವಸ್ಥೆ.

“ಅವ್ರು ಬೇಕಾದ್ದು ಬೇಡದ್ದು ನೋಡಲ್ಲ, ಕಣ್ಣಿಗೆ ಬಿದ್ದಿದ್ದೆಲ್ಲಾ ಕಟ್ತಾರೆ,” ಎಂದಳು. “ಉಳಿಸ್ಕೋಬೇಕಾದ್ದನ್ನ ಬಚ್ಚಲಮನೆಗೆ ಹಾಕಿ ಚಿಲಕ ಹಾಕು. ಬಾಗಿಲ ಮುಂದೆ ನೀನು ಕೂತ್ಕೋ. ಎದ್ದೆಯೋ, ಕೆಟ್ಟೆ.”

ಪಾಸ್‌ಪೋರ್ಟು, ಕಾಫಿ ಪಾತ್ರೆ, ಕೊಂಬು, ಓಪಲ್ ಎಲ್ಲವನ್ನೂ ಬಚ್ಚಲಿಗೆ ಸೇರಿಸಿ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಅಷ್ಟು ಎಚ್ಚರ ವಹಿಸಿದರೂ ಎರಡು ಅನಾಹುತ ಆಯಿತು. ಒಂದು, ಅಡುಗೆಮನೆಯ ಕಸದ ಡಬ್ಬವನ್ನು ಆಲೂಗಡ್ಡೆ ಸಿಪ್ಪೆಯ ಸಮೇತ ಅಂದವಾಗಿ ಕಾಗದ ಸುತ್ತಿ ಕಟ್ಟಿಬಿಟ್ಟರು. ಎರಡು, ಹಾರ್ಲನ್‌ನ ಬೂಟುಗಳು. ಬಾಗಿಲ ಹತ್ತಿರ ಇದ್ದ ಎರಡೂ ಜೊತೆ ಪೆಟ್ಟಿಗೆ ಸೇರಿ ಬಂದರಿನ ದಾರಿ ಹಿಡಿದವು. ಬುಧವಾರ ಬೆಳಗಿನ ಹಾಜರಿಗೆ ಅವನು ಡಾರ್ಲಾಳ ಗಂಡನ ಬೂಟು ಹಾಕಿಕೊಂಡು ಹೋದ, ಎರಡು ಅಳತೆ ದೊಡ್ಡದು. ಕ್ಯಾಪ್ಟನ್ “ಬಲಕ್ಕೆ ತಿರುಗು” ಎಂದರೆ ಇವನು ತಿರುಗಿದ, ಬೂಟು ತಿರುಗಲಿಲ್ಲ.

ಗುರುವಾರ ಕ್ಯಾಪ್ಟನ್ ಅವನನ್ನು ಒಳಗೆ ಕರೆದು ಹೊಸ ಆದೇಶದ ಕಾಗದ ಕೊಟ್ಟ. ನಾವು ಇಲ್ಲಿ ಇನ್ನೂ ಒಂದು ವರ್ಷ ಇರಬೇಕು. ಅಮ್ಮ, ತಾರೀಕಿನ ಉತ್ತರ ಇದೇ. ಜುಲೈ ಸರಿ, ಆದರೆ ಮುಂದಿನ ವರ್ಷದ ಜುಲೈ. ಈ ಜುಲೈಗೆ ಕೆಂಟಕಿಗೆ ಬರುವುದು ನಮ್ಮ ಸೋಫಾ, ನಮ್ಮ ಮಂಚ ಮತ್ತು ಆ ಆಲೂಗಡ್ಡೆ ಸಿಪ್ಪೆ. ಅವು ಸೈನ್ಯದ ಗೋದಾಮಿನಲ್ಲಿ ನಮಗಾಗಿ ಕಾಯುತ್ತವೆ.

ನೀನು ಈ ಸಾಲು ಓದಿ ಕಾಗದ ಮೇಜಿನ ಮೇಲೆ ಇಟ್ಟಿರುತ್ತೀಯ, ಗೊತ್ತು. ಏನು ಮಾಡುವುದು, ಸೈನ್ಯ ಎಂದರೆ ಹೀಗೇ. ಹೋಗು ಎಂದರೆ ಹೋಗಬೇಕು, ಇರು ಎಂದರೆ ಇರಬೇಕು. ಆ ಹಳದಿ ಬಣ್ಣ ಒಂದು ವರ್ಷಕ್ಕೆ ಮಾಸುವುದಿಲ್ಲ. ಅಡುಗೆಮನೆಯ ಕೆಲಸ ಬೇರೆ ಯಾರಿಗಾದರೂ ಸಿಗಲಿ.

ನಮ್ಮ ಚಿಂತೆ ಮಾಡಬೇಡ. ಸೈನ್ಯದವರು ಬೂದು ಬಣ್ಣದ ಕಬ್ಬಿಣದ ಮಂಚ ಎರವಲು ಕೊಟ್ಟಿದ್ದಾರೆ. ಸೆಪ್ ತನ್ನ ಮಾಂಸದ ಗಾಡಿಯಲ್ಲಿ ಮೇಜು ತಂದು ಇಳಿಸಿದ. ಫ್ರೌ ರೀಡಲ್ ಆರು ಚಮಚ ಎಣಿಸಿ ಕೊಟ್ಟು, “ಇವೂ ಹಡಗು ಹತ್ತಿದ್ರೆ ನಿನ್ನನ್ನೇ ಕರಗಿಸಿ ಚಮಚ ಮಾಡಿಸ್ತೀನಿ,” ಎಂದಿದ್ದಾಳೆ. ಮುಂದಿನ ಜೂನ್‌ಗೆ ಈ ಬ್ಯಾಂಡಿಗೆ ನೂರು ವರ್ಷ. ಸುತ್ತಮುತ್ತಲಿನ ಹನ್ನೊಂದು ಊರಿನ ಬ್ಯಾಂಡುಗಳು ಬರುತ್ತವೆ. ನನಗೆ ಹಸಿರು ಅಂಗಿಯ ಅಳತೆ ತೆಗೆದುಕೊಂಡಿದ್ದಾರೆ, ಎಂಟು ಸಾಲು ನಾನೊಬ್ಬಳೇ ಊದುವ ಹಾಡೊಂದು ಇದೆ. ಯೋಚಿಸಿದರೆ ಈಗಲೇ ತುಟಿ ಒಣಗುತ್ತದೆ, ಈಗಲೇ ಹಾರಾಡುವಂತಾಗುತ್ತದೆ. ಬರಿಗೋಡೆಯ ಮನೆಯಲ್ಲಿ ಕೊಂಬು ಎಷ್ಟು ಚೆನ್ನಾಗಿ ಮೊಳಗುತ್ತದೆ ಗೊತ್ತೇನು? ಫ್ರೌ ರೀಡಲ್ ಈಗ ಕಿಟಕಿ ತೆರೆದೇ ಊದು ಎನ್ನುತ್ತಾಳೆ.

ಓಪಲ್ ಶಿಶುವಿಹಾರದಲ್ಲಿ ನನಗೊಂದು, ನಿನಗೊಂದು ಕಾಗದದ ಹೂ ಮಾಡಿದ್ದಾಳೆ. ನಿನ್ನದನ್ನು ಇದರೊಳಗೆ ಇಟ್ಟಿದ್ದೇನೆ. ಸ್ವಲ್ಪ ಚಪ್ಪಟೆಯಾಗಿರುತ್ತದೆ, ಊದಿ ಬಿಡಿಸಿಕೋ.

ನಿನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟು,
ನಿನ್ನ ಮಗಳು
ವರ್ನಾ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿ ಆಗಿತ್ತು. ಹಾರ್ಲನ್ ಬಂದು, “ಅಮ್ಮಂಗೆ ಬರೆದ್ಯಾ?” ಎಂದ. ಬರೆದೆ ಎಂದೆ. “ಏನಂತ?” “ಸೈನ್ಯ ಅಂತ.” ಅವನು “ಸರಿ ಬಿಡು. ಫೋನಲ್ಲಿ ಕೇಳಿದ್ರೆ ನಾನೂ ಅದನ್ನೇ ಹೇಳ್ತೀನಿ,” ಎಂದ. ಅದಕ್ಕೇ ಲಕೋಟೆ ಹರಿದೆ.

ಇಲ್ಲಿ ನಮ್ಮಂಥ ಸಿಪಾಯಿ ಹೆಂಡತಿಯರಿಗೆಲ್ಲ ಇದೊಂದು ಅಭ್ಯಾಸ. ಯಾರದಾದರೂ ಮದುವೆಗೆ ಹೋಗಲು ಇಷ್ಟವಿಲ್ಲದಿದ್ದರೆ ಸೈನ್ಯ ರಜೆ ಕೊಡಲಿಲ್ಲ ಎನ್ನುತ್ತೇವೆ. ಡಾರ್ಲಾಗೆ ಹನ್ನೊಂದು ವರ್ಷದಿಂದ ಅತ್ತೆಯ ಮನೆಗೆ ಹೋಗಲು ಸೈನ್ಯ ಬಿಟ್ಟಿಲ್ಲ. ಊರಿನವರು ನಂಬುತ್ತಾರೆ, ಸೈನ್ಯವನ್ನು ಯಾರು ಹೋಗಿ ಕೇಳುತ್ತಾರೆ?

ನಿಜ ಇಷ್ಟು. ಏಪ್ರಿಲಿನಲ್ಲಿ ಸೈನ್ಯ ಹಾರ್ಲನ್‌ನನ್ನು ಕೇಳಿತು: ಹೋಗುತ್ತೀಯೋ, ಇನ್ನೊಂದು ವರ್ಷ ಇರುತ್ತೀಯೋ? ಅವನಿಗೆ ಊರಿಗೆ ಬರುವ ಆಸೆ ಇತ್ತು. ನನ್ನನ್ನು ಕೇಳಿದ. ಅವನ ಮಾತು ಮುಗಿಯುವ ಮುಂಚೆಯೇ ಇರೋಣ ಎಂದೆ. ಒಂಬತ್ತನೇ ತಾರೀಕು ಅವನು ಅರ್ಜಿಗೆ ಸಹಿ ಹಾಕಿದ. ಉತ್ತರ ಬರುವುದು ತಡವಾಯಿತು, ಸಾಮಾನು ಕಟ್ಟುವವರ ದಿನ ಬಂದೇಬಿಟ್ಟಿತು, ನಾನು ಬೇಡ ಎನ್ನಲಿಲ್ಲ. ಅರ್ಜಿ ತಿರಸ್ಕಾರವಾದರೆ ನಿನಗೆ ಏನೂ ಹೇಳಬೇಕಾಗಿಲ್ಲ ಎಂದು ಒಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಒಪ್ಪಿಗೆ ಬಂದಾಗ ಎರಡೂ ಮನಸ್ಸು ಸೇರಿ ಕುಣಿದವು, ಅಮ್ಮ.

ನಿನಗೆ ಹತ್ತೊಂಬತ್ತು ಆದಾಗ ಸಿನ್ಸಿನಾಟಿಯ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತಂತೆ. ಅಜ್ಜಿ ಒಂದು ವಾರ ಊಟ ಬಿಟ್ಟು ಅತ್ತಳಂತೆ, ನೀನು ಹೋಗಲಿಲ್ಲವಂತೆ. ಹುರುಳಿಕಾಯಿಯ ನಾರು ತೆಗೆಯುತ್ತ ಒಂದೇ ಒಂದು ಸಲ ಹೇಳಿದ್ದೆ. ಆಮೇಲೆ ಎಷ್ಟು ಕೇಳಿದರೂ ಆ ಮಾತೆತ್ತಲಿಲ್ಲ. ನಾನು ಅದನ್ನು ಮರೆತಿಲ್ಲ.

ಇವತ್ತಿಗೆ ಎರಡು ವಾರಕ್ಕೆ, ನೀನು ಚರ್ಚಿನಿಂದ ಬಂದ ಮೇಲೆ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಇದು ನಿನ್ನ ಕೈಸೇರಿರುತ್ತದೆ. ಬೈಯುವುದಿದ್ದರೆ ಹಾರ್ಲನ್‌ಗೆ ಬೇಡ, ನನಗೆ ಬೈ. ಅಳಬೇಕೆನಿಸಿದರೆ ಅಳು, ನಾನು ಫೋನ್ ಇಡುವುದಿಲ್ಲ. ಬಾ ಎಂದು ಮಾತ್ರ ಕರೆಯಬೇಡ. ನೀನು ಕರೆದರೆ ನಾನು ಬಂದುಬಿಡುತ್ತೇನೆ.