ಸಣ್ಣ ಬೋರ್ಡಿನ ದೀಪ ಮಿಣುಕಿದರೆ ಮಾತ್ರ

ತಮ್ಮಾ,

ಪಂಪಿನ ಪ್ರೋಗ್ರಾಮಿನಲ್ಲಿ ನಾನು ಬೇರೆಯಾಗಿ ತಿದ್ದುತ್ತಿದ್ದ ಪ್ರತಿಯನ್ನು, ನನ್ನ ಅರೆಬೆಂದ ಬ್ರಾಂಚನ್ನು, ನೀನು ನಿನ್ನೆ ಮುಖ್ಯ ಬ್ರಾಂಚಿಗೆ ಸೇರಿಸಿಬಿಟ್ಟೆ. ನಾನು ಕೇಳಿದರೆ, "ನನ್ ಕಂಪ್ಯೂಟರಲ್ಲಿ ಓಡ್ತಲ್ಲಕ್ಕಾ" ಅಂದೆ ನೀನು. ಓಡದೆ ಏನು ಮಾಡೀತು ಮಾರಾಯ? ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಅದನ್ನು ಕಟ್ಟಿದ್ದೇ ನಿನ್ನ ಕಂಪ್ಯೂಟರಿಗೆ, ನೀರಿನ ಪಂಪಿನ ಸಣ್ಣ ಬೋರ್ಡಿಗಲ್ಲ. ನೀನು ಸೇರಿಸಿದ್ದನ್ನು ಹಿಂದಕ್ಕೆ ತೆಗೆದಿದ್ದೇನೆ. ತಪ್ಪು ಯಾರದೆಂಬಲ್ಲಿ ನನ್ನ ಹೆಸರು ಬರೆದೆ. ಬೈಗುಳ ನನಗೇ ಬರಲಿ.

ಸರಿಪಡಿಸಿದ್ದು ಈಗ ಕಂಪೈಲ್ ಆಗುತ್ತಿದೆ, ಕಂಪ್ಯೂಟರ್ ಆರಿಸಬೇಡ. ಮಧ್ಯಾಹ್ನ ಅದು ಮುಗಿದ ಮೇಲೆ ಕಿಟಕಿಯ ಹತ್ತಿರದ ಬೋರ್ಡಿಗೆ ಹಾಕಿ ನೋಡು. ಹಸಿರು ದೀಪ ಮಿಣುಕಿದರೆ ಮಾತ್ರ ಸೇರಿಸು.

ಊರಿನ ಪಂಪುಗಳಿಗೆ ಹೊಸ ಕೋಡ್ ಕಳಿಸಲು ಐದು ಗಂಟೆಗೆ ಗಡುವು, ತಪ್ಪಿದರೆ ಆರು ತಿಂಗಳು ಕಾಯಬೇಕು, ಗೊತ್ತು. ಕಾಯೋಣ. ಕೆಟ್ಟದ್ದು ಹೊರಗೆ ಹೋದರೆ ನಾಳೆ ಊರಿನ ಪಂಪುಗಳೆಲ್ಲ ನಿಲ್ಲುತ್ತವೆ.

ಪಾಳಿಯಲ್ಲಿ ನಾನು ಫೋನ್ ಎತ್ತಲಾರೆ. ಊಟ ಮುಚ್ಚಿಟ್ಟಿದ್ದೇನೆ. ಸೇರಿಸುವುದೋ ಬಿಡುವುದೋ, ಇವತ್ತು ನಿನ್ನ ಮಾತೇ ಕೊನೆ.

ಅಕ್ಕ