ಮೊರೋನಿನ ಮದುವೆಯ ಹಂದಿ

ಕಬೈಗ್ವಾನ್,
ಸೋಮವಾರ, ೯ ಜನವರಿ ೧೯೮೯

ಪ್ರೀತಿಯ ಅಣ್ಣ ರಿಗೊ,

ನೀನು, ಅತ್ತಿಗೆ, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೇ ಇದ್ದದ್ದಕ್ಕೆ ಬೈಯಬೇಡ. ಕಾರ್ಖಾನೆಯಲ್ಲಿ ಕೈತುಂಬ ಕೆಲಸ ಇತ್ತು ಅಂತ ಬರೆಯಬಹುದು, ಆದರೆ ಚುರುಟು ಸುತ್ತುವವಳಿಗೆ ವರ್ಷವಿಡೀ ಕೈತುಂಬ ಕೆಲಸವೇ ಎಂದು ನಿನಗೂ ಗೊತ್ತು. ನಿಜ ಹೇಳುತ್ತೇನೆ. ಬರೆಯಲು ಕೂತಾಗಲೆಲ್ಲ ಒಂದೇ ವಿಷಯ ಪೆನ್ನಿನ ತುದಿಗೆ ಬರುತ್ತಿತ್ತು. ಅದು ನನಗೇ ಅರ್ಧ ಮಾತ್ರ ತಿಳಿದಿತ್ತು. ಅರ್ಧ ತಿಳಿದದ್ದನ್ನು ಬರೆದು ದ್ವೀಪದ ಆ ತುದಿಯಲ್ಲಿರುವ ನಿನ್ನ ನಿದ್ದೆ ಯಾಕೆ ಕೆಡಿಸಲಿ ಎಂದು ಸುಮ್ಮನಾದೆ.

ನೀನು ಕಳಿಸಿದ ನಿಮ್ಮ ಬರಕೋವಾ ಊರಿನ ಚಾಕೊಲೇಟ್ ಉಂಡೆಗಳು ಬಂದವು. ಅಮ್ಮ ದಿನಾ ಬೆಳಿಗ್ಗೆ ಹಾಲಿಗೆ ತುರಿದು ಹಾಕಿಕೊಂಡು ಕುಡಿಯುತ್ತಾಳೆ, ಕುಡಿದಾದ ಮೇಲೆ ಚೆನ್ನಾಗಿಲ್ಲ ಅನ್ನುತ್ತಾಳೆ. ಮಂಡಿನೋವು ಹಾಗೇ ಇದೆ. ನಾಲಿಗೆಗೆ ಏನೂ ಆಗಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನವೆಂಬರಿನಲ್ಲಿ ನನ್ನ ಪಕ್ಕದ ಮೇಜಿನ ಸೋಯ್ಲಾ ಮಗಳ ಮದುವೆ ಮಾಡಿದಳು. ಹುಡುಗ ಮೊರೋನ್ ಊರಿನವನು. ನಾವು ಕಾರ್ಖಾನೆಯ ಹೆಂಗಸರೆಲ್ಲ ಲಾರಿ ಹತ್ತಿ ಹಾಡಿಕೊಂಡು ಹೋದೆವು. ಊಟಕ್ಕೆ ಎಂದಿನಂತೆ ಇಡೀ ಹಂದಿ ಸುಟ್ಟಿದ್ದರು. ಕಪ್ಪು ಅವರೆ ಹಾಕಿದ ಅನ್ನ, ಬೇಯಿಸಿದ ಮರಗೆಣಸು, ಚಪ್ಪಟೆ ತಟ್ಟಿ ಕರಿದ ಬಾಳೆಕಾಯಿ. ನಾನು ಸೋಯ್ಲಾಳ ಅತ್ತೆಯ ಜೊತೆ ಏನೋ ಹರಟುತ್ತ ಮಾಂಸದ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಮಾತು ಅಲ್ಲಿಗೇ ನಿಂತುಹೋಯಿತು.

ಅದು ನಮ್ಮ ಅಪ್ಪನ ಹಂದಿ, ರಿಗೊ.

ಹಂದಿಗೆ ಸವರುವ ಮೊಹೊ ರಸವನ್ನು ಎಲ್ಲರೂ ಮಾಡುವುದು ಒಂದೇ ಥರ: ಹುಳಿ ಕಿತ್ತಳೆಯ ರಸ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಒರೆಗಾನೊ, ಉಪ್ಪು. ಅಪ್ಪನದರಲ್ಲಿ ಮಾತ್ರ ಕೊನೆಗೆ ಒಂದು ಕಹಿ ಇರುತ್ತಿತ್ತು. ಹೊಗೆಯ ಕಹಿಯೂ ಅಲ್ಲ, ಹಣ್ಣಿನ ಕಹಿಯೂ ಅಲ್ಲ. ನುಂಗಿದ ಮೇಲೆ ನಾಲಿಗೆಯ ಹಿಂದೆ ಉಳಿದು ಇನ್ನೊಂದು ತುತ್ತು ಕೇಳುತ್ತಿತ್ತು. ಏನು ಹಾಕುತ್ತೀ ಎಂದರೆ ನಗುತ್ತಿದ್ದ. ಹಂದಿಯನ್ನು ಕೆಂಡದ ಮೇಲೆ ತಿರುಗಿಸುವುದಕ್ಕೆ ನಿನ್ನನ್ನು ಕರೆಯುತ್ತಿದ್ದರೂ, ರಸವನ್ನು ಹಿತ್ತಿಲಿನ ಮರೆಯಲ್ಲಿ ಒಬ್ಬನೇ ಮಾಡಿ ತರುತ್ತಿದ್ದ. ಅವನು ತೀರಿಕೊಂಡ ಮೇಲೆ ನಾನು ಏನೇನೋ ಮಾಡಿ ನೋಡಿದ್ದೇನೆ. ಬೆಳ್ಳುಳ್ಳಿ ಸೀಯಿಸಿ ಹಾಕಿದೆ. ಕಾಫಿಪುಡಿ ಉದುರಿಸಿದೆ. ಒಮ್ಮೆ ರಮ್ ಸುರಿದು ಪಾತ್ರೆಗೆ ಬೆಂಕಿ ಹತ್ತಿಕೊಂಡು, ಅಮ್ಮ ಒದ್ದೆ ಟವಲು ತೂರಿದಳು. ಆ ಕಹಿ ಬರಲೇ ಇಲ್ಲ.

ತಟ್ಟೆ ಹಿಡಿದುಕೊಂಡೇ ಹಿತ್ತಿಲಿಗೆ ಹೋದೆ. ಕೆಂಡದ ಗುಂಡಿಯ ಪಕ್ಕ ಒಬ್ಬ ಹೆಂಗಸು ಹಂದಿಗೆ ಮುಚ್ಚಿದ್ದ ಸೀಬೆ ಎಲೆಗಳನ್ನು ಸರಿಸಿ, ಉಳಿದ ಮಾಂಸ ಬಿಡಿಸುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಗಟ್ಟಿ ತೋಳು, ತಲೆಗೆ ಕೆಂಪು ಬಟ್ಟೆ.

"ಇದನ್ನ ಸುಟ್ಟಿದ್ದು ನೀವಾ?" ಎಂದೆ.

"ಯಾಕೆ? ಬೆಂದಿಲ್ವಾ?"

"ತುಂಬಾ ಚೆನ್ನಾಗಿದೆ. ರಸಕ್ಕೆ ಏನು ಹಾಕಿದ್ರಿ?"

"ಎಲ್ರೂ ಹಾಕೋದೇ. ಕಿತ್ತಳೇನ ಮಾತ್ರ ಹಸೀದೇ ಹಿಂಡಲ್ಲ. ಸಿಪ್ಪೆ ಸಮೇತ ಕೆಂಡದಲ್ಲಿ ಹೂತಿಡ್ತೀನಿ. ಹೊರಗಡೆ ಕಪ್ಪಗಾಗ್ಬೇಕು, ಒಳಗಡೆ ಬಿಸಿಯಾಗಿ ಉಬ್ಬಬೇಕು. ಆಮೇಲೆ ಹಿಂಡೋದು."

ಎಷ್ಟು ಸುಲಭ ನೋಡು! ಇಷ್ಟು ವರ್ಷ ನಾನು ಕಾಫಿಪುಡಿ, ರಮ್ ಎಂದು ಅಲೆದದ್ದು ನೆನೆದು ನಗು ಬಂತು. ನಗುತ್ತಲೇ ಕೇಳಿದೆ, ಯಾರು ಕಲಿಸಿದ್ದು ಎಂದು.

"ನಮ್ಮಪ್ಪ. ಲಾರಿ ಓಡಿಸ್ತಿದ್ದ. ನಿಮ್ಮ ಕಡೆಯೋನೇ, ಕಬೈಗ್ವಾನ್‌ನೋನು. ಎಲಾದಿಯೊ ಅಂತ."

ಕೈಯಲ್ಲಿದ್ದ ತಟ್ಟೆ ಬೀಳಲಿಲ್ಲ, ತಲೆಯೂ ತಿರುಗಲಿಲ್ಲ. ನಮ್ಮ ಅಪ್ಪನಿಗೆ ಈ ಊರಿನಲ್ಲಿ ಒಬ್ಬಳು ಮಗಳಿದ್ದಾಳೆ ಎನ್ನುವುದು ಸಿಟ್ಟಾಗಲೀ ಅಳುವಾಗಲೀ ಆಗಿ ಬರುವ ಮೊದಲು ಪ್ರಶ್ನೆಯಾಗಿ ಬಂತು. ಅದೇ ನನಗೆ ಈಗಲೂ ಆಶ್ಚರ್ಯ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮೆಲ್ಲಗೆ, "ನೀವು ಮೆಲ್ಬಾ ಅಲ್ವಾ?" ಎಂದಳು.

ಅವಳ ಹೆಸರು ಇರೈದಾ. ಅವಳಿಗೆ ನಮ್ಮ ವಿಷಯ ಚಿಕ್ಕಂದಿನಿಂದ ಗೊತ್ತು. ತಾಯಿ ಬೇಗ ತೀರಿಕೊಂಡಳಂತೆ, ಅಜ್ಜಿ ಸಾಕಿದಳಂತೆ. ಅಪ್ಪ ಸಕ್ಕರೆ ಮೂಟೆ ಹೇರಿಕೊಂಡು ಆ ಕಡೆ ಹೋದಾಗಲೆಲ್ಲ ಅಲ್ಲಿ ಉಳಿಯುತ್ತಿದ್ದ. ಅವನು ಸತ್ತದ್ದು ಅವಳಿಗೆ ತಿಳಿದದ್ದು ಬೇರೊಬ್ಬ ಲಾರಿ ಡ್ರೈವರನಿಂದ, ಮಣ್ಣು ಮಾಡಿ ಒಂದು ವಾರವಾದ ಮೇಲೆ. ಇದನ್ನು ಹೇಳುವಾಗಲೂ ಅವಳ ಕೈ ಮಾಂಸ ಬಿಡಿಸುತ್ತಲೇ ಇತ್ತು. ನಮ್ಮ ಲಾರಿ ಹೊರಡುವ ಹೊತ್ತಿಗೆ ಒಂದು ಡಬ್ಬದ ತುಂಬ ಮಾಂಸ ತುಂಬಿ ನನ್ನ ಕೈಗಿಟ್ಟಳು.

ಮನೆಗೆ ಬಂದು ಅಮ್ಮನಿಗೆ ಏನೂ ಹೇಳಲಿಲ್ಲ. ಡಬ್ಬ ಮಾತ್ರ ಮೇಜಿನ ಮೇಲಿಟ್ಟೆ. ಅಮ್ಮ ಒಂದು ಚೂರು ತಿಂದಳು. ಇನ್ನೊಂದು ತಿಂದಳು. ಆಮೇಲೆ ಕಿಟಕಿಯ ಕಡೆ ನೋಡುತ್ತ ಕೇಳಿದಳು: "ಎಲ್ಲಿತ್ತು ಮದುವೆ ಅಂದೆ?"

"ಮೊರೋನ್‌ನಲ್ಲಿ."

"ಹೂಂ," ಎಂದು ಡಬ್ಬದ ಮುಚ್ಚಳ ಮುಚ್ಚಿ ಎದ್ದುಹೋದಳು.

ಮುಂದಿನ ರಜೆಗೆ ನಾನು ಮತ್ತೆ ಮೊರೋನಿಗೆ ಹೋದೆ. ಅಡುಗೆ ಕಲಿಯುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಇರೈದಾಳ ಅಡುಗೆಮನೆ ಅಂಗೈಯಗಲ ಇದೆ. ಅವತ್ತು ಅವಳು ಮಾಂಸದ ತುಂಡುಗಳನ್ನು ಸ್ವಲ್ಪ ನೀರು ಹಾಕಿ ಒಲೆಯ ಮೇಲಿಟ್ಟಳು. ನೀರು ಇಂಗಿದ ಮೇಲೆ ಅದರದೇ ಕೊಬ್ಬು ಬಿಟ್ಟುಕೊಂಡು, ಅದರಲ್ಲೇ ಕೆಂಪಗೆ ಕರಿಯುತ್ತದೆ. ಬೇರೆ ಎಣ್ಣೆ ಮುಟ್ಟಿಸುವುದೇ ಇಲ್ಲ. ನಾನು ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚುತ್ತ ಪ್ರಶ್ನೆ ಕೇಳಿದೆ. ಅವಳೂ ಕೇಳಿದಳು. ಒಂದೇ ಲಾರಿಯಲ್ಲಿ ಓಡಾಡುತ್ತಿದ್ದ ಇಬ್ಬರು ಬೇರೆ ಬೇರೆ ಗಂಡಸರ ಬಗ್ಗೆ ಮಾತಾಡಿದ ಹಾಗಿತ್ತು.

"ನಮ್ಮನೇಲಿ ಗೊರಕೆ ಹೊಡೀತಿದ್ದ," ಅಂದೆ.

"ಇಲ್ಲೂ ಹೊಡೀತಿದ್ದ. ಅಜ್ಜಿ ಬೆಳಿಗ್ಗೆ, ಲಾರಿ ಆಫ್ ಮಾಡೋದು ಮರೆತ್ಯಾ ಅಂತ ಕೇಳೋಳು."

"ಕಾಫಿ?"

"ಸಕ್ಕರೆ ಪಾಕ! ಅಲ್ಲಿ?"

"ಅಲ್ಲೂ ಅಷ್ಟೇ. ಆದ್ರೆ ಬೆಂಡೆಕಾಯಿ ಕಂಡ್ರೆ ತಟ್ಟೆ ತಳ್ಳಿಬಿಡ್ತಿದ್ದ. ಲೋಳೆ ಲೋಳೆ, ಮನುಷ್ಯರು ತಿನ್ನೋದಲ್ಲ ಅಂತ."

ಇರೈದಾ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಅಪ್ಪಾನಾ? ಬೆಂಡೆಕಾಯಿ ಸಾರು ಇಲ್ಲಿ ಎರಡು ಸಲ ಬಡಿಸ್ಕೊಳ್ತಿದ್ದ!"

ನಂಬುತ್ತೀಯಾ ಅಣ್ಣ? ಅಪ್ಪ ಎರಡು ಸಂಸಾರ ಮಾಡಿದ ಎನ್ನುವುದಕ್ಕಿಂತ, ಬೆಂಡೆಕಾಯಿ ತಿನ್ನುತ್ತಿದ್ದ ಎನ್ನುವುದು ನನಗೆ ಹೆಚ್ಚು ಚುಚ್ಚಿತು. ಅವಳಿಂದ ಆ ಸಾರು ಮಾಡಿಸಿಕೊಂಡೆ. ಹೊಗೆಯಾಡಿಸಿದ ಹಂದಿ ಮಾಂಸದ ಚೂರು, ಟೊಮೆಟೊ, ಕೊನೆಗೆ ಬಾಳೆಕಾಯಿಯ ಚಿಕ್ಕ ಉಂಡೆಗಳು. ಬೆಂಡೆಕಾಯಿಯನ್ನು ಹೆಚ್ಚಿದ ಕೂಡಲೇ ನಿಂಬೆರಸ ಹಿಂಡುತ್ತಾಳೆ, ಲೋಳೆ ಕಡಿಮೆಯಾಗುತ್ತದೆ. ನಾನೂ ಎರಡು ಸಲ ಬಡಿಸಿಕೊಂಡೆ. ಅಮ್ಮ ನಿಂಬೆ ಹಿಂಡಿದ್ದರೆ ನಮ್ಮ ಮನೆಯಲ್ಲೂ ತಿನ್ನುತ್ತಿದ್ದನೇ? ಅಥವಾ ಒಂದು ಮನೆಯಲ್ಲಿ ಬೇಡವಾದದ್ದು ಇನ್ನೊಂದು ಮನೆಯಲ್ಲಿ ಬೇಕಾಗುವಂಥ ಮನುಷ್ಯನೇ ಅವನು? ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಇದೇ ಯೋಚನೆ.

ಮನೆಗೆ ಬಂದರೆ ಅಮ್ಮ ತೂಗುಕುರ್ಚಿಯಲ್ಲಿ ಕೂತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ, "ಎಷ್ಟು ವಯಸ್ಸು ಅವಳಿಗೆ?" ಎಂದಳು.

ನಾನು ಬಾಗಿಲಲ್ಲೇ ನಿಂತೆ. "ನಿನಗೆ ಗೊತ್ತಿತ್ತಾ?"

"ಲಾರಿ ಕೆಡೋದಾದ್ರೆ ಎಲ್ಲಾ ಊರಲ್ಲೂ ಕೆಡ್ಬೇಕು. ಅವನದು ಮೊರೋನ್‌ನಲ್ಲೇ ಕೆಡ್ತಿತ್ತು," ಎಂದಳು ಅಮ್ಮ. "ಒಂದು ಸಲ ಕೇಳ್ದೆ. ಅವನು ಸುಳ್ಳು ಹೇಳಿದ. ಅವನಿಗೆ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ, ನೋಡೋಕೆ ಪಾಪ ಅನ್ಸ್ತು. ಮತ್ತೆ ಕೇಳ್ಲಿಲ್ಲ."

"ಹೇಗಿದ್ದೆ ಅಮ್ಮ ಇಷ್ಟು ವರ್ಷ?"

"ನಿನ್ನ, ನಿನ್ನಣ್ಣನ ಹೊಟ್ಟೆ ತುಂಬಿಸ್ಕೊಂಡಿದ್ದೆ. ಇನ್ನೇನು ಮಾಡ್ಬೇಕಿತ್ತು, ರೇಡಿಯೊದಲ್ಲಿ ಹೇಳ್ಬೇಕಿತ್ತಾ?" ಸ್ವಲ್ಪ ಹೊತ್ತು ಕುರ್ಚಿ ತೂಗಿದಳು. ಆಮೇಲೆ: "ವರ್ಷದ ಕೊನೆಗೆ ಕರಿ ಅವಳನ್ನ. ನಾನು ಅವಳಿಗೆ ಅಡುಗೆ ಮಾಡಿ ಬಡಿಸಲ್ಲ, ಮೊದಲೇ ಹೇಳ್ತೀನಿ. ಅವಳೇ ಬಂದು ಹಂದಿ ಸುಡ್ಲಿ. ನಾನು ಮುಖ ನೋಡ್ಬೇಕು, ಅಷ್ಟೇ."

ಕರೆದೆ. ಇರೈದಾ ಬರುತ್ತಾಳೆಂದು ನನಗೆ ನಂಬಿಕೆ ಇರಲಿಲ್ಲ. ಡಿಸೆಂಬರ್ ಕೊನೆಯ ದಿನ ಬೆಳಿಗ್ಗೆಯೇ ಚೀಲದ ತುಂಬ ಹುಳಿ ಕಿತ್ತಳೆ ಹೊತ್ತು ಬಂದಳು. ಹೊಸ ಬಟ್ಟೆ ಹಾಕಿದ್ದಳು, ತುಟಿ ಒಣಗಿತ್ತು. ಅಮ್ಮ ಅವಳನ್ನು ಬೆಳಕಿಗೆ ನಿಲ್ಲಿಸಿ, ತಂಬಾಕಿನ ಎಲೆ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು.

"ಮೂಗು ಅವನದಲ್ಲ. ಬಚಾವಾದೆ," ಎಂದಳು.

ಇರೈದಾ ನಗಲೋ ಬೇಡವೋ ಎಂದು ನನ್ನ ಕಡೆ ನೋಡಿದಳು.

"ಅವಳ ಮುಖ ಏನು ನೋಡ್ತೀಯ? ಬಟ್ಟೆ ಬದಲಾಯಿಸ್ಕೊ. ಗುಂಡಿ ಹಿತ್ತಿಲಲ್ಲಿದೆ."

ಇಡೀ ದಿನ ಅಮ್ಮ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅಡುಗೆ ಮಾಡುವುದಿಲ್ಲ ಎಂದವಳು ಮಡಿಲಲ್ಲಿ ಮರಗೆಣಸು ಇಟ್ಟುಕೊಂಡು ಸಿಪ್ಪೆ ತೆಗೆದಳು. ಕೆಂಡ ಜಾಸ್ತಿಯಾಯ್ತು ಎಂದಳು, ಕಡಿಮೆಯಾಯ್ತು ಎಂದಳು. ಮೊದಲ ಕಿತ್ತಳೆ ಕಪ್ಪಗಾಗಿ ಹೊರಬಂದು, ಇರೈದಾ ಅದನ್ನು ಬಟ್ಟೆಯಲ್ಲಿ ಹಿಡಿದು ಹಿಂಡಿದಾಗ ಆ ವಾಸನೆ ಹಿತ್ತಿಲ ತುಂಬ ಹರಡಿತು. ಅಮ್ಮನ ಕೈಯ ಚಾಕು ನಿಂತಿತು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹಿಂದೆ ಹೋಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮುಖಕ್ಕೆ ಪೌಡರ್ ಹಚ್ಚಿಕೊಂಡು ಬಂದು ಮತ್ತೆ ಕುರ್ಚಿಯಲ್ಲಿ ಕೂತಳು.

ಸಂಜೆ ಅಕ್ಕಪಕ್ಕದವರು ಬಂದರು. ಪಕ್ಕದ ಮನೆಯ ಬೆನಿಗ್ನೊ ಡೊಮಿನೊ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಬಂದವನು ಕೆಂಡದ ಹತ್ತಿರ ಇರೈದಾಳನ್ನು ಕಂಡ. "ಯಾರಮ್ಮ ಫೆಲಾ, ಹೊಸ ಅಡುಗೆಯವಳು?" ಎಂದು ಅಮ್ಮನನ್ನು ಗಟ್ಟಿಯಾಗಿ ಕೇಳಿದ.

ಸೋಯ್ಲಾಳ ಗೆಳತಿ ಎನ್ನೋಣ ಎಂದು ಬಾಯಿ ತೆರೆದೆ.

"ಎಲಾದಿಯೊನ ಮಗಳು," ಎಂದಳು ಅಮ್ಮ. ಅವನಷ್ಟೇ ಗಟ್ಟಿಯಾಗಿ.

ಕೆಂಡಕ್ಕೆ ಕೊಬ್ಬು ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ಬೆನಿಗ್ನೊ ಅಮ್ಮನನ್ನು ನೋಡಿದ, ಇರೈದಾಳನ್ನು ನೋಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡ.

"ಹಾಗಾದ್ರೆ ಹಂದಿ ಚೆನ್ನಾಗಿರತ್ತೆ ಬಿಡಿ," ಎಂದ.

ಇರೈದಾ ಎಲ್ಲರಿಗೂ ಬೆನ್ನು ತಿರುಗಿಸಿ ಸೀಬೆ ಎಲೆ ಸರಿಪಡಿಸುತ್ತ ನಿಂತಳು. ಅವಳ ಭುಜ ಅಲುಗುತ್ತಿತ್ತು. ಅಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ, ಯಾರಾದರೂ ಆ ಮರಗೆಣಸಿಗೆ ನೀರಿಡಿ ಎಂದು ಕೂಗಿದಳು.

ಊಟಕ್ಕೆ ಅಮ್ಮ ಹಂದಿಯ ಕಿವಿಯ ಗರಿಗರಿ ಚರ್ಮ ತನಗೇ ಬೇಕೆಂದು ಕೇಳಿ ಹಾಕಿಸಿಕೊಂಡಳು. "ಉಪ್ಪು ಕಮ್ಮಿ," ಎಂದಳು. ಇರೈದಾ, "ನೀವು ಯಾವಾಗ್ಲೂ ಹಾಗೇ ಹೇಳ್ತೀರ ಅಂತ ಅಪ್ಪ ಹೇಳ್ತಿದ್ದ," ಎಂದುಬಿಟ್ಟಳು. ನಾನು ತಟ್ಟೆ ನೋಡುತ್ತ ಕೂತೆ. ಅಮ್ಮ ಅಗಿಯುತ್ತ, "ಅವನು ಇಷ್ಟಾದ್ರೂ ನಿಜ ಹೇಳಿದ್ನಲ್ಲ," ಎಂದಳು. ಮರುದಿನ ಬಸ್ಸಿಲ್ಲ ಎಂದು ಇರೈದಾ ಉಳಿದಳು. ಅದರ ಮರುದಿನ ಬಸ್ಸಿದ್ದರೂ ಉಳಿದಳು. ಹೊರಡುವಾಗ ಅಮ್ಮ ನಿನ್ನ ಚಾಕೊಲೇಟಿನ ಎರಡು ಉಂಡೆ ಕೊಟ್ಟಳು, ಚೆನ್ನಾಗಿಲ್ಲ ಎಂದು ಹೇಳಿಯೇ ಕೊಟ್ಟಳು.

ಇದಿಷ್ಟು, ಅಣ್ಣ. ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಒಂದು ದಿನ ಕಡಲ ಕಡೆ ನಡೆದುಬಂದು ಆಮೇಲೆ ಬರೆ. ಅಮ್ಮನ ಮೇಲೆ ಮಾತ್ರ ಕೂಗಾಡಬೇಡ. ಅವಳು ತಾನಾಗಿ ಹೇಳಿದ ದಿನ ಅವಳ ಮುಖ ಹಗುರವಾಗಿತ್ತು, ನಾನು ಕಂಡೆ. ಆಗುವುದಾದರೆ ಇರೈದಾಳಿಗೆ ಎರಡು ಸಾಲು ಬರೆದು ಹಾಕು. ನಿನ್ನ ಬಗ್ಗೆ ಕೇಳುತ್ತಿದ್ದಳು, ನಿನಗೂ ಅವನ ಹಾಗೆ ತಲೆ ಬೋಳಾಗಿದೆಯೇ ಎಂದು. ಇನ್ನೂ ಇಲ್ಲ ಎಂದಿದ್ದೇನೆ.

ಮಕ್ಕಳಿಗೆ ನನ್ನ ಮುತ್ತು. ಅತ್ತಿಗೆಗೆ ಅಪ್ಪುಗೆ. ಹೊಸ ವರ್ಷ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ, ನಿಮ್ಮ ಮನೆಯ ಒಲೆ ಎಂದೂ ಆರದಿರಲಿ.

ನಿನ್ನ ತಂಗಿ,
ಮೆಲ್ಬಾ

ಮರೆತಿದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇರೈದಾ ಹೊರಡುವ ದಿನ ಕೇಳಿದೆ, ನಿನಗೆ ಕಲಿಸಿದವನು ನನಗೆ ಯಾಕೆ ಕಲಿಸಲಿಲ್ಲ ಎಂದು. ಅವಳು ಯೋಚನೆ ಮಾಡದೆ ಹೇಳಿಬಿಟ್ಟಳು, ಅವಳಿಗೇನು ಗೊತ್ತು ಪಾಪ: "ನಮ್ಮ ಮೆಲ್ಬಾಗೆ ಹೊಗೆ ಅಂದ್ರೆ ಆಗಲ್ಲ, ಕೆಂಡದ ಹತ್ತಿರ ಕೂಡ ಬರಲ್ಲ ಅಂತಿದ್ದ ಅಪ್ಪ." ನಾನು ಮದುವೆ ವಯಸ್ಸಿಗೆ ಬರುವ ತನಕ ಪ್ರತಿ ವರ್ಷವೂ ಅಪ್ಪ ಹಂದಿ ಸುಡುವ ದಿನ ಹಿತ್ತಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ, ಅಣ್ಣ. ಅವನು ನನ್ನನ್ನೂ ಕರೆಯಲಿ ಎಂದು ಕೂತಿರುತ್ತಿದ್ದೆ. ನನಗೆ ಹೊಗೆ ಆಗುವುದಿಲ್ಲ ಎಂದು ನಾನು ಯಾವತ್ತಾದರೂ ಹೇಳಿದ್ದೆನಾ? ನೀನು ಅಲ್ಲೇ ಇರುತ್ತಿದ್ದೆಯಲ್ಲ, ನೆನಪು ಮಾಡಿಕೊಂಡು ಬರೆ. ಹೇಳಿದ್ದೆ ಎಂದಾದರೂ ಬರೆ.